ಅಮ್ಮನ ಬಗ್ಗೆ ಚರ್ಚಿನಲ್ಲಿ ಮಾತಾಡಬೇಕಾದ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಟೀಚರಾಗಿದ್ದ ಅಮ್ಮನನ್ನು ಕಳಕೊಂಡ ಸಂಕಟದಲ್ಲೇ ಅವರ ಬಗ್ಗೆ ಮಾತಾಡುವ ಹೊಣೆಯೂ ನಿನ್ನ ಹೆಗಲಿಗೆ ಬಿದ್ದಿದೆ. ಬರೆಯಲು ಕೂರುವಾಗ ಉಪಯೋಗಕ್ಕೆ ಬರಲಿ ಎಂದು ಇದನ್ನು ಕಳಿಸುತ್ತಿದ್ದೇನೆ.

ಮೊದಲು ಫಾದರ್ ಹತ್ತಿರ ಸಮಯ ಕೇಳಿಕೋ. ಕಥೋಲಿಕರ ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಪ್ರಬೋಧನೆ, ಅಂದರೆ ಫಾದರ್ ಕೊಡುವ ಉಪದೇಶ, ತೀರಿಕೊಂಡವರ ಗುಣಗಾನವಾಗಬಾರದು ಎಂಬ ನಿಯಮವಿದೆ. ಪರಮಪ್ರಸಾದ (ಪವಿತ್ರ ರೊಟ್ಟಿ) ಹಂಚಿದ ನಂತರದ ಪ್ರಾರ್ಥನೆ ಮುಗಿದ ಮೇಲೆ, ತೀರಿಕೊಂಡವರನ್ನು ಬೀಳ್ಕೊಡುವ ಅಂತಿಮ ವಿದಾಯದ ಪ್ರಾರ್ಥನೆಗೆ ಮುಂಚೆ, ಮನೆಯವರೊಬ್ಬರು ಚುಟುಕಾಗಿ ಮಾತಾಡಬಹುದು. ನಾಲ್ಕು ನಿಮಿಷ ಕೊಟ್ಟರು ಅಂದುಕೋ, ನಿಧಾನವಾಗಿ ಓದಿದರೆ ಸುಮಾರು 350 ಪದ ಹಿಡಿಸುತ್ತದೆ. ಉಳಿದದ್ದನ್ನು ಹಿಂದಿನ ಸಂಜೆಯ ಪ್ರಾರ್ಥನೆಗೆ ಇಟ್ಟುಕೋ. ಅಲ್ಲಿ ಅವಸರವಿರುವುದಿಲ್ಲ, ಅವರ ಹಳೇ ವಿದ್ಯಾರ್ಥಿಗಳೂ ಬಾಯಿಬಿಡುತ್ತಾರೆ.

ತಾರೀಕುಗಳನ್ನು ನೆನಪಿನಿಂದ ಬರೆಯಬೇಡ. ಜ್ಞಾನಸ್ನಾನವಾದ ಚರ್ಚಿನ ರಿಜಿಸ್ಟರಿನಲ್ಲಿ ಅದೇ ನಮೂದಿನ ಪಕ್ಕ ದೃಢೀಕರಣ ಎಂಬ ಸಂಸ್ಕಾರದ, ಮದುವೆಯ ವಿವರವನ್ನೂ ಬರೆದಿಡಬೇಕು ಎಂಬುದು ಧರ್ಮಸಭೆಯ ಕಾನೂನು. ಹಾಗಾಗಿ ಒಂದೇ ಕಡೆ ಮೂರೂ ಸಿಗುತ್ತವೆ. ಕೆಲಸಕ್ಕೆ ಸೇರಿದ್ದು, ನಿವೃತ್ತಿಯಾದದ್ದು ಶಾಲೆಯ ದಾಖಲೆಯಲ್ಲಿರುತ್ತದೆ. ಇವುಗಳಲ್ಲಿ ಎರಡೋ ಮೂರೋ ಸಾಕು, ಮಿಕ್ಕಿದ್ದು ಅಚ್ಚು ಹಾಕಿಸುವ ನೆನಪಿನ ಕಾರ್ಡಿಗೆ ಹೋಗಲಿ.

ಎಲ್ಲರೂ ಎಡವುವ ಜಾಗ ಮುಂದಿದೆ. ಒಳ್ಳೆ ಹೆಂಡತಿ, ಒಳ್ಳೆ ತಾಯಿ, ಒಳ್ಳೆ ಟೀಚರ್ ಎಂದು ಮೂರು ಪಾಲು ಮಾಡಿ ಒಂದೊಂದಕ್ಕೂ ವಿಶೇಷಣ ಪೇರಿಸುತ್ತಾರೆ. ಆ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ. ಅಮ್ಮ ಒಬ್ಬರೇ ಅಲ್ಲವಾ? ಮೂರೂ ಪಾತ್ರ ಒಟ್ಟಿಗೆ ಕಾಣುವ ಒಂದೇ ಒಂದು ಕೆಲಸ ಹುಡುಕು. ಸಂಜೆ ಕಾಪಿ ತಿದ್ದುತ್ತಿದ್ದದ್ದು ಎಲ್ಲಿ ಕೂತು, ಜಪಸರಕ್ಕೆ ಹೊತ್ತಾದಾಗ ಪೆನ್ನು ಎಲ್ಲಿಡುತ್ತಿದ್ದರು, ತಪ್ಪು ಉತ್ತರದ ಪಕ್ಕ ಏನು ಬರೆಯುತ್ತಿದ್ದರು, ಆಗ ಅಪ್ಪ ಏನು ಮಾಡುತ್ತಿದ್ದರು? ಇಷ್ಟನ್ನು ಇದ್ದ ಹಾಗೇ ಹೇಳಿದರೆ ‘ಶ್ರದ್ಧೆ’ ಅನ್ನುವ ಪದವೇ ಬೇಕಾಗುವುದಿಲ್ಲ. ನೆನಪಾಗದಿದ್ದರೆ ಅವರ ಬೈಬಲ್ ತೆರೆದು ನೋಡು. ಗೆರೆ ಎಳೆದ ವಾಕ್ಯ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಕು, ಒಳಗೆ ಸಿಕ್ಕಿಸಿಟ್ಟ ಚೀಟಿ, ಎಲ್ಲ ಅವರದೇ ಸಾಕ್ಷಿ.

ಬೈಬಲಿನ ಜ್ಞಾನೋಕ್ತಿ ಗ್ರಂಥದ 31ನೇ ಅಧ್ಯಾಯದಲ್ಲಿ ಗುಣವತಿ ಹೆಂಡತಿಯನ್ನು ಹೊಗಳುವ ಭಾಗವನ್ನು ಇಡೀ ಓದಬೇಡ, 22 ವಚನಗಳಿವೆ, ನಿನ್ನ ಸಮಯವನ್ನೆಲ್ಲ ಅದೇ ನುಂಗುತ್ತದೆ. ಜ್ಞಾನದ ಮಾತನ್ನೂ ದಯೆಯ ಉಪದೇಶವನ್ನೂ ಹೇಳುವ 26ನೆಯ ವಚನ ಪಾಠ ಹೇಳಿದವರಿಗೆ ಒಪ್ಪುತ್ತದೆ. ಆದರೆ ಅವರೇ ಗೆರೆ ಎಳೆದ ಬೇರೆ ವಾಕ್ಯ ಸಿಕ್ಕಿದರೆ ಇದರ ಬದಲು ಅದನ್ನೇ ಆರಿಸಿಕೋ.

ಕಾಯಿಲೆಯ ತಿಂಗಳುಗಳಿಗೆ ಒಂದು ವಾಕ್ಯ ಕೊಡು. ಕೊನೆಯ ದಿನಗಳು ಹಸಿಯಾಗಿರುವುದರಿಂದ ಅರ್ಧ ಭಾಷಣವನ್ನೇ ಕಬಳಿಸುತ್ತವೆ, ಅವರ ದುಡಿಮೆಯ ವರ್ಷಗಳು ಮರೆಗೆ ಸರಿಯುತ್ತವೆ. ವಿದ್ಯಾರ್ಥಿಯ ಕಷ್ಟವನ್ನು ಹೇಳುವುದಾದರೆ ಹೆಸರು ಬೇಡ. ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳ ಹೆಸರಿನ ಪಟ್ಟಿಯನ್ನು ಅಕ್ಕನಿಗೆ ತೋರಿಸು. ಬಿಟ್ಟುಹೋದ ಒಂದು ಹೆಸರು ವರ್ಷಗಟ್ಟಲೆ ನೋಯಿಸುತ್ತದೆ.

ಹಾಳೆಯ ಒಂದೇ ಬದಿಗೆ, ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಮುದ್ರಿಸು, ಪುಟಸಂಖ್ಯೆ ಹಾಕು. ಗಟ್ಟಿಯಾಗಿ ಎರಡು ಸಲ ಓದು, ಗಂಟಲು ಕಟ್ಟುವ ಜಾಗ ಆಗಲೇ ಗೊತ್ತಾಗುತ್ತದೆ. ಅದರ ಮುಂಚಿನ ವಾಕ್ಯವನ್ನು ಚಿಕ್ಕದು ಮಾಡಿ ಅಲ್ಲೊಂದು ಗೆರೆ ಎಳೆದಿಡು, ಉಸಿರು ತೆಗೆದುಕೊಳ್ಳಲು. ಇನ್ನೊಂದು ಪ್ರತಿ ತಮ್ಮನ ಕೈಯಲ್ಲಿರಲಿ. ನಿನ್ನಿಂದಾಗದಿದ್ದರೆ ನಿಂತ ವಾಕ್ಯದಿಂದಲೇ ಅವನು ಮುಂದುವರಿಸಲಿ.

ಬರೆದದ್ದನ್ನು ಇವತ್ತು ರಾತ್ರಿಯೇ ಕಳಿಸು, ಓದಿ ಹೇಳುತ್ತೇನೆ.

ನಿನ್ನ ಗೆಳೆಯ