ಸೀಲು ಹಾಕಿಸಿದ ಪ್ರತಿ ನಿನ್ನ ಹತ್ತಿರ ಇರಲಿ

ಸಾಗರ

ಚಿ. ಸೌ. ಸುಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮಾವ ತೀರಿಹೋದ ಮೇಲೆ ಬ್ಯಾಂಕಿನ ಓಡಾಟವೆಲ್ಲ ನಿನ್ನ ತಲೆಗೇ ಬಂದಿದೆ, ಬಸ್ಸು ಹಿಡಿದು ಹೊಸನಗರಕ್ಕೆ ಹೋದರೆ ಕೌಂಟರಿನಲ್ಲಿ "ನಾಳೆ ಬನ್ನಿ" ಅನ್ನುತ್ತಾರೆ ಎಂದು ನಿನ್ನ ಅಮ್ಮ ಹೇಳಿದಳು. ಆ "ನಾಳೆ" ಎಲ್ಲಿಂದ ಹುಟ್ಟುತ್ತದೆ ಎಂದು ಗೊತ್ತಾದರೆ ಅರ್ಧ ಓಡಾಟ ಉಳಿಯುತ್ತದೆ.

ಬ್ಯಾಂಕಿನಲ್ಲಿ ಹೆಚ್ಚಿನ ಕೆಲಸ ಒಬ್ಬರ ಕೈಯಲ್ಲಿ ಮುಗಿಯುವುದಿಲ್ಲ. ಗುಮಾಸ್ತರು ಕಂಪ್ಯೂಟರಿಗೆ ಹಾಕಿದ್ದನ್ನು ಆಫೀಸರು ತಮ್ಮ ಐಡಿಯಿಂದ ಪಾಸ್ ಮಾಡಬೇಕು. ನಮ್ಮ ಕಡೆಯ ಸಣ್ಣ ಶಾಖೆಗಳಲ್ಲಿ ಇರುವವರೇ ಮೂರು ಮತ್ತೊಂದು ಜನ. ಆಫೀಸರು ಯಾರದೋ ತೋಟ ನೋಡಲು ಹೋದರೆ ನಿನ್ನ ಅರ್ಜಿ ಅಲ್ಲೇ ಕೂರುತ್ತದೆ. ಬಾಗಿಲು ತೆರೆದರೂ ಕ್ಯಾಶ್ ತಡವಾಗುವುದೂ ಹೀಗೇ: ತಿಜೋರಿಯ ಎರಡು ಕೀಲಿ ಇಬ್ಬರ ಹತ್ತಿರ ಇರುತ್ತವೆ, ಇಬ್ಬರೂ ಬಂದ ಮೇಲೇ ದುಡ್ಡು ಹೊರಗೆ. ಹಾಗಾಗಿ "ಯಾಕೆ ಆಗಲ್ಲ?" ಎಂದು ಜಗಳಕ್ಕೆ ನಿಲ್ಲಬೇಡ. ಪಾಸ್ ಮಾಡುವವರು ಯಾರು, ಯಾವಾಗ ಸಿಗುತ್ತಾರೆ, ಇನ್ನೇನು ಕಾಗದ ಬೇಕು, ಈ ಮೂರು ಕೇಳು. ಕಾಗದಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಅವರಿಂದಲೇ ಬರೆಸಿಕೊ. ಬಾಯಿಮಾತಿನ ಪಟ್ಟಿ ಪ್ರತಿ ಸಲ ಬೆಳೆಯುತ್ತದೆ, ಬರೆದದ್ದು ಬೆಳೆಯುವುದಿಲ್ಲ.

ಏನೇ ಅರ್ಜಿ ಕೊಟ್ಟರೂ ಎರಡು ಪ್ರತಿ ಒಯ್ಯಿ. ಒಂದನ್ನು ಅವರಿಗೆ ಕೊಟ್ಟು ಇನ್ನೊಂದರ ಮೇಲೆ ತಾರೀಖು, ಸಹಿ, ಶಾಖೆಯ ಸೀಲು ಹಾಕಿಸಿಕೊ. ಇಡೀ ಕಾಗದದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊ ಮಾರಾಯ್ತಿ. ಸೀಲಿಲ್ಲದ ಅರ್ಜಿ ಕಳೆದುಹೋದರೆ ನೀನು ಕೊಟ್ಟೇ ಇಲ್ಲ ಎಂದಾಗುತ್ತದೆ. ಮುಂದೆ ಹೇಳುವ ದಿನಗಳ ಲೆಕ್ಕವೆಲ್ಲ ಆ ತಾರೀಖಿನಿಂದಲೇ. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ, ಅದೇ ಅರ್ಜಿಯನ್ನು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಪಿನ್ ಮಾಡಿಡು. ಕೌಂಟರಿನವರಿಗೆ ಕನ್ನಡ ಬಾರದಿದ್ದರೂ ನೀನು ಕನ್ನಡದಲ್ಲೇ ಬರೆ. ಫಾರಂಗಳು ಇಂಗ್ಲಿಷ್, ಹಿಂದಿಯ ಜೊತೆ ಕನ್ನಡದಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಈಗ ಮಾವನ ಖಾತೆಯ ವಿಷಯ. ನಾಮಿನಿ, ಅಂದರೆ ಹಣ ಪಡೆಯಲು ಮಾವ ಹೆಸರು ಬರೆಸಿಟ್ಟವರು, ನಿನ್ನ ಅತ್ತೆ ಅಂತಾದರೆ ಕ್ಲೇಮ್ ಫಾರಂ, ಮರಣ ಪ್ರಮಾಣ ಪತ್ರ, ಅತ್ತೆಯ ಗುರುತಿನ ದಾಖಲೆ, ಇಷ್ಟು ಸಾಕು. ಮೊತ್ತ ಎಷ್ಟೇ ಇರಲಿ, ನಾಮಿನಿಯಿಂದ ಕೋರ್ಟಿನ ಉತ್ತರಾಧಿಕಾರ ಪ್ರಮಾಣ ಪತ್ರವನ್ನಾಗಲಿ ಜಾಮೀನನ್ನಾಗಲಿ ಕೇಳುವ ಹಾಗಿಲ್ಲ. ಕಾಗದ ಪೂರ್ತಿ ಕೊಟ್ಟ 15 ದಿನದೊಳಗೆ ಇತ್ಯರ್ಥ ಮಾಡಬೇಕು. "ಕೋರ್ಟಿನಿಂದ ತನ್ನಿ" ಎಂದರೆ, ನಾಮಿನೇಷನ್ ಅವರ ಕಂಪ್ಯೂಟರಿಗೆ ಏರಿಲ್ಲದೆಯೂ ಇರಬಹುದು. ಹಳೇ ಪಾಸ್‌ಬುಕ್ಕಿನಲ್ಲೋ ಎಫ್.ಡಿ. ರಸೀದಿಯಲ್ಲೋ ನಮೂದಾಗಿದೆಯೇ ನೋಡಿ ಅದರ ಜೆರಾಕ್ಸ್ ಲಗತ್ತಿಸು. ನಾಮಿನಿ ಕೈಗೆ ಬಂದ ಹಣ ವಾರಸುದಾರರೆಲ್ಲರ ಪರವಾಗಿ ಬಂದದ್ದು ಎಂಬುದನ್ನು ನಿನ್ನ ನಾದಿನಿಯರಿಗೂ ಈಗಲೇ ಹೇಳಿಬಿಡು. ಮಾವನ ಎ.ಟಿ.ಎಂ. ಕಾರ್ಡು ಮಾತ್ರ ಯಾರೂ ಮುಟ್ಟಬೇಡಿ, ಪಿನ್ ಗೊತ್ತಿದ್ದರೂ.

ಟ್ರಂಕಿನಲ್ಲಿರುವ ಹಳೇ ರಸೀದಿಗಳನ್ನು ಬ್ಯಾಂಕಿನ ಹೆಸರೇ ಇಲ್ಲವಾಯಿತೆಂದು ಎಸೆಯಬೇಡ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್.ಬಿ.ಐ.ಗೆ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಠೇವಣಿ ಹೊಸ ಬ್ಯಾಂಕಿನ ಹೊಣೆ. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೂ ಅದೇ ಬ್ಯಾಂಕಿನ ಮೂಲಕ ವಾಪಸು ಪಡೆಯಬಹುದು. ರಿಸರ್ವ್ ಬ್ಯಾಂಕಿನ ಉದ್ಗಮ್ ಎಂಬ ಪೋರ್ಟಲ್ಲಿನಲ್ಲಿ ಮಾವನ ಹೆಸರು ಹಾಕಿ ಹುಡುಕು. ಹೆಸರಿನ ಕಾಗುಣಿತ ಎರಡು ಮೂರು ಥರ ಬದಲಿಸಿ ನೋಡು, ಇನಿಷಿಯಲ್ಲು ಹಿಂದೆ ಮುಂದೆ ಆಗಿರುತ್ತದೆ.

ತೋಟದ ಸಾಲ ತೀರಿದೆಯಲ್ಲ, ಮೂಲ ಪತ್ರಗಳನ್ನು ಬ್ಯಾಂಕು 30 ದಿನದೊಳಗೆ ವಾಪಸು ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರಿನಿಂದ ಈ ನಿಯಮ ಇದೆ. ಊರಿನ ಸೊಸೈಟಿಯ ಸಾಲಕ್ಕೆ ಇದು ಅನ್ವಯಿಸುವುದಿಲ್ಲ, ಅದರ ದೂರು ಸಹಕಾರ ಇಲಾಖೆಗೆ. ಪತ್ರ ಕೈಗೆ ಬಂತೆಂದು ಸುಮ್ಮನಾಗಬೇಡ. ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಂಡು ಪಹಣಿಯ 11ನೇ ಕಾಲಂ ನೋಡು. ಸಾಲ ತೀರಿದರೂ ಅಲ್ಲಿ ಋಣ ಹಾಗೇ ಕೂತಿರುವುದು ಸಾಮಾನ್ಯ. ಮುಂದೆ ಭಾಗ ಮಾಡಿಕೊಳ್ಳುವಾಗ ಅದೇ ಅಡ್ಡ ಬರುತ್ತದೆ.

ಅತ್ತೆಯ ಕೆವೈಸಿ, ಅಂದರೆ ಗುರುತು, ವಿಳಾಸ ಮತ್ತೆ ಖಚಿತಪಡಿಸುವುದು, ಸಣ್ಣ ಕೆಲಸ. ವಿಳಾಸ, ವಿವರ ಏನೂ ಬದಲಾಗಿಲ್ಲ ಎಂದಾದರೆ ಹಾಗೆಂದು ಬರೆದು ಸಹಿ ಮಾಡಿದ ಘೋಷಣೆ ಸಾಕು. ವರ್ಷಗಟ್ಟಲೆ ಅಡಿಕೆ ಸುಲಿದ ಕೈ, ದುಡ್ಡು ತೆಗೆಯುವಾಗ ಬೆರಳಿನ ಗೆರೆ ಸವೆದು ಬೆರಳಚ್ಚಿನ ಯಂತ್ರ ಒಪ್ಪದೆ ಇರಬಹುದು. ಹೆಬ್ಬೆರಳೇ ಆಗಬೇಕೆಂದಿಲ್ಲ, ಕೈ ತೊಳೆದು ಒರೆಸಿ ಬೇರೆ ಬೆರಳು ಇಡಿಸು. ಯಂತ್ರ ಒಪ್ಪಲಿಲ್ಲ ಅಂತ ದುಡ್ಡು ನಿಲ್ಲಬೇಕಾಗಿಲ್ಲ, ಪಾಸ್‌ಬುಕ್ಕು ಒಯ್ದು ವಿತ್‌ಡ್ರಾವಲ್ ಸ್ಲಿಪ್ಪಿನಲ್ಲಿ ಸಹಿ ಮಾಡಿ ತೆಗೆಯಬಹುದು.

ಹೋಗುವ ದಿನ ನೋಡಿಕೊ. ಎರಡನೇ, ನಾಲ್ಕನೇ ಶನಿವಾರ ರಜೆ. ತಿಂಗಳ ಮೊದಲ ವಾರ ಪಿಂಚಣಿಯವರ ಸಾಲು, ಸಂತೆ ದಿನವಂತೂ ಬೇಡವೇ ಬೇಡ. ಜೋರು ಮಳೆಗೆ ಲೈನ್ ಹೋಗುವ ಕಾಲದಲ್ಲಿ ಹೊರಡುವ ಮೊದಲು ಶಾಖೆಗೆ ಫೋನ್ ಮಾಡಿ ನೆಟ್‌ವರ್ಕ್ ಇದೆಯೇ ಕೇಳು. ಮುಚ್ಚುವ ಹೊತ್ತಿಗೆ ಮೊದಲು ಒಳಗೆ ಕಾಲಿಟ್ಟವರನ್ನು ವಾಪಸು ಕಳಿಸುವ ಹಾಗಿಲ್ಲ, ಅದೂ ಗೊತ್ತಿರಲಿ. ಕ್ಲೇಮಿನ ದುಡ್ಡು ಬಂದ ದಿನವೇ ಯಾರಾದರೂ ವಿಮೆ ಪಾಲಿಸಿಯ ಫಾರಂ ಮುಂದಿಡುತ್ತಾರೆ. "ಮನೆಯಲ್ಲಿ ಕೇಳಿ ಹೇಳ್ತೇನೆ" ಅಂದು ಎದ್ದು ಬಾ.

ಇಷ್ಟಾದರೂ ಆಗದಿದ್ದರೆ ಮೊದಲು ಶಾಖೆಗೇ ಲಿಖಿತ ದೂರು. ಇದನ್ನು ಬಿಟ್ಟು ನೇರ ಮೇಲೆ ಹೋದರೆ ತಿರಸ್ಕಾರವಾಗುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ನೋಡುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡು. ದೂರಿನಲ್ಲಿ ಬೈಗುಳ ಬೇಡ. ಯಾವ ತಾರೀಖು ಏನು ಕೊಟ್ಟೆ, ಏನು ಹೇಳಿದರು, ಈಗ ಏನಾಗಬೇಕು, ಅರ್ಧ ಪುಟ ಸಾಕು.

ಅತ್ತೆಯ ಪಾಸ್‌ಪೋರ್ಟ್ ಸೈಜಿನ ಫೋಟೊ ನಾಲ್ಕು ತೆಗೆಸಿಡು. ಮರಣ ಪ್ರಮಾಣ ಪತ್ರದ ಮೂಲ ಪ್ರತಿ ತೋರಿಸಿ ವಾಪಸು ತಾ, ಬಿಟ್ಟು ಬರಬೇಡ.

ಇಂತಿ,
ನಿನ್ನ ದೊಡ್ಡಮ್ಮ