ಎಂಜಲು ಕಳಿಸುವ ಮುಂಚೆ

ಪುಟ್ಟಿ,

ಟ್ಯೂಬಿಗೆ ಎಂಜಲು ಉಗುಳಿ ಕಳಿಸಿದರೆ ಅಲ್ಝೈಮರ್ ಅಪಾಯ ಎಷ್ಟು ಅಂತ ಹೇಳ್ತಾರಂತೆ, ಕಿಟ್ ತರಿಸಿದ್ದೀನಿ ಅಂದೆಯಲ್ಲ. ಫೋನಲ್ಲಿ ಹೂಂ ಅಂದು ಸುಮ್ಮನಾದೆ. ರಾತ್ರಿ ನಿದ್ದೆ ಹತ್ತಲಿಲ್ಲ, ಅದಕ್ಕೇ ಈ ಕಾಗದ.

ಅಜ್ಜಿಯ ಕೊನೆಯ ವರ್ಷಗಳನ್ನು ನೀನು ನೋಡಿದ್ದೀಯ. ಶುರುವಾದದ್ದನ್ನು ನೋಡಿದವಳು ನಾನು. ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುತ್ತಿತ್ತು. ಅಂಗೈಯಲ್ಲಿ ಸಾಸಿವೆ ಹಿಡಿದು ನಿಂತಿದ್ದಳು. 'ಇದನ್ನ ಏನು ಮಾಡೋದೇ?' ಅಂತ ಕೇಳಿದಳು. ಆಗ ಅವಳಿಗೆ 74. ಅರವತ್ತಕ್ಕೆ ಅರಳು ಮರಳು ಅಂತ ನಾವೂ ನಕ್ಕುಬಿಟ್ಟೆವು.

ಆ ವಯಸ್ಸನ್ನು ನೆನಪಿಟ್ಟುಕೋ. ನಲವತ್ತು, ಐವತ್ತಕ್ಕೇ ಹಿಡಿದು ಹೆತ್ತವರಿಂದ ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಇಳಿಯುವ ಬಗೆಯೇ ಬೇರೆ. ಎಪಿಪಿ, ಪ್ರೆಸೆನಿಲಿನ್ 1, ಪ್ರೆಸೆನಿಲಿನ್ 2 ಎಂಬ ಮೂರು ಜೀನ್‌ಗಳಲ್ಲಿ ಒಂದು ಕೆಟ್ಟರೆ ಅದು. ನೂರು ರೋಗಿಗಳಲ್ಲಿ ಒಬ್ಬರಿಗೂ ಇರುವುದಿಲ್ಲ. ನಮ್ಮನೆಯದು ಅದರ ಹಾಗೆ ಕಾಣಲ್ಲ ಅಂದರು ಡಾಕ್ಟರು.

ನಿನ್ನ ಕಿಟ್ ನೋಡುವುದು 19ನೇ ವರ್ಣತಂತುವಿನ ಎಪಿಒಇ ಜೀನನ್ನು. ಅದರಲ್ಲಿ 2, 3, 4 ಅಂತ ಮೂರು ನಮೂನೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು 4 ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು ಅಂತ ಲೆಕ್ಕ. 2 ಇದ್ದವರಿಗೆ ಅಪಾಯ ಕಡಿಮೆ. 4 ಇಲ್ಲದೆಯೂ ಕಾಯಿಲೆ ಬಂದವರು ಬೇಕಾದಷ್ಟು ಜನ. ಕೊಲಂಬಿಯಾದಲ್ಲಿ ಪ್ರೆಸೆನಿಲಿನ್ 1 ಕೆಟ್ಟು, ನಲವತ್ತರ ಹೊತ್ತಿಗೇ ಮರೆವು ಹಿಡಿಯುವ ದೊಡ್ಡದೊಂದು ವಂಶವಿದೆ. ಅದರಲ್ಲೇ ಒಬ್ಬಾಕೆ, ಅದೇ ಕೆಟ್ಟ ಜೀನ್ ಹೊತ್ತು, ಎಪ್ಪತ್ತರವರೆಗೂ ಗಟ್ಟಿಯಾಗಿದ್ದಳು. ಆಕೆಯ ಎಪಿಒಇ 3ರ ಎರಡೂ ಪ್ರತಿಯಲ್ಲಿ ಅಪರೂಪದ ಇನ್ನೊಂದು ಬದಲಾವಣೆ ಇದ್ದದ್ದು 2019ರಲ್ಲಿ ವರದಿಯಾಯಿತು. ಇದನ್ನು ಓದಿ ನನಗೆ ಅದೇನೋ ಖುಷಿ.

ನಿದ್ದೆ ಕೆಡಿಸಿದ್ದು ಇದಲ್ಲ. ನಿನಗೆ ಎರಡು 4 ಬಂತು ಅನ್ನು, ಒಂದು ನನ್ನದೇ. ನಿನ್ನ ರಿಪೋರ್ಟಿನಲ್ಲಿ ಅರ್ಧ ನನ್ನ ರಿಪೋರ್ಟು. ಇನ್ನರ್ಧ ಪಾಪ ನಿಮ್ಮಪ್ಪಂದು. ನಮ್ಮನ್ನು ಯಾರೂ ಕೇಳಲಿಲ್ಲ.

ಬೇಡ ಅನ್ನಲ್ಲ, ಮಾಡಿಸಿಕೋ. ಮೊದಲು ಜೆನೆಟಿಕ್ ಕೌನ್ಸೆಲರ್ ಒಬ್ಬರ ಹತ್ತಿರ ಕೂತು ಮಾತಾಡು. ರಿಪೋರ್ಟ್ ಬಂದ ದಿನ ನನಗೆ ಹೇಳಬೇಡ. ಬೇಕು ಅನ್ನಿಸಿದ ದಿನ ನಾನೇ ಕೇಳ್ತೀನಿ.

ಕಿವಿ ಮಂದವಾದರೂ ಬಿಪಿ ಏರಿದರೂ ಈ ಕಾಯಿಲೆಗೆ ದಾರಿಯಂತೆ. ಮಾತ್ರೆ ತಪ್ಪಿಸ್ತಿಲ್ಲ. ನೀನು ಬೈತಿದ್ದ ಕಿವಿ ಮೆಷಿನ್ನೂ ಸೋಮವಾರ ಹಾಕಿಸಿಕೊಂಡೆ. ನಮ್ಮ ನಡುಮನೆ ಫ್ಯಾನು ಇಷ್ಟು ಗಲಾಟೆ ಮಾಡುತ್ತೆ ಅಂತ ಯಾರೂ ಹೇಳಲೇ ಇಲ್ಲವಲ್ಲೇ!

ನಿನ್ನ ಅಮ್ಮ