ಶಾರ್ಟ್ ಸರ್ಕಿಟ್ ಅಂದರೆ ಮುಗಿಯಿತೇ? ವೈರಿಂಗ್ ಮಾಡಿದವರು ಯಾರು?

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ಎಲ್ಲಾದರೂ ಕಟ್ಟಡಕ್ಕೆ ಬೆಂಕಿ ಬಿದ್ದರೆ, ‘ಶಾರ್ಟ್ ಸರ್ಕಿಟ್ ಕಾರಣವೆಂದು ಶಂಕಿಸಲಾಗಿದೆ’ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಆ ವೈರಿಂಗ್ ಮಾಡಿದವರು ಯಾರು, ಅವರಿಗೆ ಕೆಲಸ ಕಲಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಕುಂದಾಪುರ ಕಡೆಯಿಂದ ಬಂದು, ಇಲ್ಲಿನ ಲಾಲ್‌ಬಾಗ್‌ನ ಮಿಲ್ಲೊಂದರಲ್ಲಿ ಎಲೆಕ್ಟ್ರಿಕ್ ಕೆಲಸ ಕಲಿತವನು ನಾನು. ಈಗಿನ ಕೆಲಸ ನೋಡಿದರೆ ಭಯವಾಗುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಮುಲುಂಡ್ ಸೊಸೈಟಿಯ ಒಂದು ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಪದೇ ಪದೇ ಟ್ರಿಪ್ ಆಗುತ್ತಿತ್ತು. ಒಬ್ಬ ಹುಡುಗ ಬಂದು ಹತ್ತೇ ನಿಮಿಷದಲ್ಲಿ ‘ಸರಿ’ ಮಾಡಿ ದುಡ್ಡು ತೆಗೆದುಕೊಂಡು ಹೋದ. ಎರಡು ದಿನ ಬಿಟ್ಟು ಆ ಮನೆಯಾಕೆ, “ಅಣ್ಣಾ, ಬಾತ್‌ರೂಮಿನ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತೆ” ಅಂದರು. ಹೋಗಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ. ಲಿವರ್ ಕೆಳಗೆ ಬಿತ್ತು. ಮನೆಯ ದೀಪ ಮಾತ್ರ ಆರಲೇ ಇಲ್ಲ! ಮುಚ್ಚಳ ಬಿಚ್ಚಿದರೆ, ಮೇಲಿನಿಂದ ಬರುವ ವೈರಿಗೇ ಮನೆಯ ವೈರು ಸೇರಿಸಿ ಟೇಪ್ ಸುತ್ತಿದ್ದ. ಆರ್‌ಸಿಸಿಬಿ ಸುಮ್ನೆ ಕೂತಿತ್ತು.

ಬರೀ 30 ಮಿಲಿ ಆಂಪಿಯರ್ ಕರೆಂಟ್ ಸೋರಿದರೂ ಲೈನ್ ಕಡಿದು ಜೀವ ಉಳಿಸುವ ಸಾಧನ ಅದು. ಅದು ಟ್ರಿಪ್ ಆಗುತ್ತಿದ್ದದ್ದೇ ಸರಿ. ಒಂದೊಂದೇ ಸರ್ಕಿಟ್ ಬಿಡಿಸಿ ನೋಡಿದಾಗ ಸಿಕ್ಕಿತು: ಗೀಸರಿನ ಕಾಯಿಲ್ ಸೀಳಿತ್ತು, ಸಾಕೆಟ್‌ನಲ್ಲಿ ಅರ್ತ್ ವೈರು ಸ್ಕ್ರೂ ಬಿಟ್ಟು ಹೊರಗೆ ನಿಂತಿತ್ತು; ಸೋರಿದ ಕರೆಂಟ್ ಅರ್ತ್‌ಗೆ ಹೋಗದೆ ನಲ್ಲಿಗೆ ಬರುತ್ತಿತ್ತು. ಆ ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದಾರೆ.

ಆ ಹುಡುಗನನ್ನು ಕರೆಸಿದೆ. ಬಯ್ಯಬೇಕೆಂದೇ ಇದ್ದೆ, ಮಾತಾಡಿದ ಮೇಲೆ ಮನಸ್ಸು ಬರಲಿಲ್ಲ. ಎರಡು ವರ್ಷದ ಐಟಿಐ ಪಾಸಾಗಿದ್ದಾನೆ, ಒಳ್ಳೆಯ ಮಾರ್ಕೂ ಇದೆ. “ಮೆಗ್ಗರ್ ಹಿಡಿದಿದ್ದೀಯಾ ಮಗಾ?” ಎಂದು ಕೇಳಿದೆ. ಸಂಸ್ಥೆಯಲ್ಲಿ ಒಂದಿತ್ತಂತೆ, ಕಪಾಟಿಗೆ ಬೀಗ ಹಾಕಿ ಇಡುತ್ತಿದ್ದರಂತೆ. ವೈರಿನ ಇನ್ಸುಲೇಷನ್ ಗಟ್ಟಿಯಿದೆಯೋ ಇಲ್ಲವೋ ಹೇಳುವ ಮೀಟರನ್ನು ಮುಟ್ಟದೆಯೇ ಅವನು ಎಲೆಕ್ಟ್ರಿಷಿಯನ್ ಆಗಿಬಿಟ್ಟ. ಕಾಂಟ್ರಾಕ್ಟರ್ ಹತ್ತಿರ ಸೇರಿದ ಮೇಲೂ ಗೋಡೆ ಕೊರೆದದ್ದು, ಪೈಪ್ ಹಾಕಿದ್ದು, ವೈರ್ ಎಳೆದದ್ದು ಅಷ್ಟೇ.

ನನಗೆ ಕಲಿಸಿದ ಉಸ್ತಾದ್ ಮೊದಲ ವರ್ಷ ಲೈವ್ ಬೋರ್ಡಿನ ಹತ್ತಿರ ಬಿಡಲೇ ಇಲ್ಲ. ಜಾಯಿಂಟ್ ಮಾಡಿಸುತ್ತಿದ್ದರು. ಮಾಡಿದ್ದನ್ನು ಪಕ್ಕಡದಲ್ಲಿ ಹಿಡಿದು ಎಳೆಯುತ್ತಿದ್ದರು. ಒಂದು ಎಳೆ ಜಾರಿದರೂ ಕತ್ತರಿಸಿ ಬಿಸಾಡಿ, ಮತ್ತೆ ಮಾಡು ಅನ್ನುತ್ತಿದ್ದರು. ಲೂಸ್ ಜಾಯಿಂಟ್ ಬಿಸಿಯಾಗುತ್ತದೆ, ಬಿಸಿಯಾದದ್ದು ಒಂದು ದಿನ ಹೊತ್ತಿಕೊಳ್ಳುತ್ತದೆ ಎಂಬುದು ಕೈಗೆ ಹತ್ತಿದ್ದು ಹಾಗೆ. ಈಗ ಅಷ್ಟು ಹೊತ್ತು ಪಕ್ಕದಲ್ಲಿ ನಿಂತು ಕಲಿಸುವವರು ಎಲ್ಲಿದ್ದಾರೆ? ಕೆಲಸಕ್ಕೆ ರೇಟು ಪಾಯಿಂಟ್ ಲೆಕ್ಕದಲ್ಲಿ, ಒಂದೊಂದು ದೀಪ, ಫ್ಯಾನ್, ಸಾಕೆಟ್‌ಗೆ ಇಷ್ಟು ಅಂತ. ಟೆಸ್ಟಿಂಗ್‌ಗೆ ಯಾರೂ ದುಡ್ಡು ಕೊಡುವುದಿಲ್ಲ, ಹಾಗಾಗಿ ಯಾರೂ ಮಾಡುವುದಿಲ್ಲ. ಇದರ ಮೇಲೆ, 2022ರಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸಿನ ವರ್ಷದ 1600 ಗಂಟೆಯನ್ನು 1200ಕ್ಕೆ ಇಳಿಸಿದರು. ಪ್ರಾಕ್ಟಿಕಲ್ಲಿಗೂ ಕತ್ತರಿ ಬಿತ್ತು. ಕೈಕೆಲಸದ ವಿದ್ಯೆಯಲ್ಲಿ ಇದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ಹಳೇ ಕಟ್ಟಡಗಳಲ್ಲಿ ಅಪಾಯ ಇನ್ನೂ ಜಾಸ್ತಿ. ಎರಡು ಫ್ಯಾನ್, ನಾಲ್ಕು ಟ್ಯೂಬ್‌ಲೈಟ್ ಲೆಕ್ಕಕ್ಕೆ ಹಾಕಿದ ವೈರಿನ ಮೇಲೆ ಈಗ ಎಸಿ, ಗೀಸರ್, ಮೈಕ್ರೋವೇವ್ ಎಲ್ಲ ಓಡುತ್ತವೆ. ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು ಎಂಸಿಬಿ; ಅದು ಬಿದ್ದರೆ 16 ಆಂಪಿಯರ್‌ನದ್ದು ತೆಗೆದು 32ರದ್ದು ಹಾಕುತ್ತಾರೆ. ವೈರು ಮಾತ್ರ ಅದೇ ಒಂದೂವರೆ ಚದರ ಎಂಎಂನ ಸಣ್ಣದ್ದು. ಆಮೇಲೆ ಎಂಸಿಬಿ ಬೀಳುವುದಿಲ್ಲ ನಿಜ, ಗೋಡೆಯೊಳಗೆ ವೈರು ಬೇಯುತ್ತದೆ.

ಬಲ್ಬು, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಮಾಡಿಸಬೇಕು, ಕೈ ಹಾಕುವವನ ಹತ್ತಿರ ಪರ್ಮಿಟ್ ಇರಬೇಕು ಎಂದು ಕಾನೂನೇ ಹೇಳುತ್ತದೆ. ನಮ್ಮ ಸೊಸೈಟಿಗಳಲ್ಲಿ ಎಷ್ಟು ಜನ ಅದನ್ನು ಕೇಳುತ್ತಾರೆ? ಮನೆ ರಿನೋವೇಷನ್‌ಗೆ ಒಪ್ಪಿಗೆ ಕೊಡುವಾಗ ಡೆಪಾಸಿಟ್ ಕೇಳುವ ಕಮಿಟಿ, ವೈರ್‌ಮನ್ ಪರ್ಮಿಟ್‌ನ ನಕಲನ್ನೂ ಕೇಳಲಿ. ಕೆಲಸ ಮುಗಿದ ಮೇಲೆ ಮೆಗ್ಗರ್ ರೀಡಿಂಗ್ ಬರೆಸಿಕೊಳ್ಳಲಿ.

ಇನ್ನೊಂದು ಮಾತು ನಮ್ಮ ಕನ್ನಡ ಸಂಘಗಳಿಗೆ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಈ ಊರಿನಲ್ಲಿ ರಾತ್ರಿಶಾಲೆ ನಡೆಸಿದವರು ನಮ್ಮವರೇ ಅಲ್ವಾ? ಅದೇ ರೀತಿ ಹೊಸದಾಗಿ ಕೆಲಸಕ್ಕಿಳಿದ ಈ ಹುಡುಗರಿಗೆ ಭಾನುವಾರದ ತರಗತಿ ನಡೆಸಬಹುದು. ಮಿಲ್ಲು, ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನನ್ನಂಥವರು ಠಾಣೆ, ಡೊಂಬಿವಲಿ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಕೋಣೆ, ಅಭ್ಯಾಸಕ್ಕೆ ಒಂದು ಬೋರ್ಡು, ಒಂದು ಮೆಗ್ಗರ್ ಕೊಡಿಸಿದರೆ ಸಾಕು. ಕಲಿಸಲು ನಾನು ಬರುತ್ತೇನೆ, ಸಂಬಳ ಬೇಡ. ಆ ಹುಡುಗನೂ ಬರುತ್ತೇನೆ ಅಂದಿದ್ದಾನೆ.

- ನಿವೃತ್ತ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಮುಲುಂಡ್, ಮುಂಬಯಿ